ಗಾಳಿಗಿರಣಿಗಳ ಲೆಕ್ಕ ಬರೆದಿಟ್ಟವರು



ಕಳೆದ ಬರಹದಲ್ಲಿ ನಮ್ಮೂರಿನ ರಾಗಿ ಮಿಷನ್ನಿನ ಪ್ರಸ್ತಾಪ ಒಂದೇ ಒಂದು ವಾಕ್ಯದಲ್ಲಿ ಬಂದಿತ್ತು. ಅದನ್ನೋದಿದ ಮೂವರು ಹಳೆಯ ವಿದ್ಯಾರ್ಥಿಗಳು ದೂರವಾಣಿ ಮಾಡಿ, "ಸಾರ್, ಆ ಮಿಷನ್ನಿನ ಬಗ್ಗೆಯೇ ಒಂದು ಲೇಖನ ಬರೆಯಿರಿ" ಎಂದು ಒತ್ತಾಯಿಸಿದರು. ಸಂತೋಷದಿಂದಲೇ ಬರೆಯಲು ಕುಳಿತೆ. ಅರ್ಧ ಪುಟ ಮುಗಿಯುವಷ್ಟರಲ್ಲಿ ಲೇಖನಿ ನಿಂತಿತು. ಎಂಜಿನ್ನು ಯಾವ ಕಂಪನಿಯದು, ಯಾವ ವರ್ಷ ಬಂತು, ಸೇರಿಗೆ ಎಷ್ಟು ಕಾಸು ತೆಗೆದುಕೊಳ್ಳುತ್ತಿದ್ದರು, ಒಂದೂ ನನಗೆ ಗೊತ್ತಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಇತಿಹಾಸ ಪಾಠ ಮಾಡಿದವನ ಅವಸ್ಥೆ ಇದು! ಆದ್ದರಿಂದ ಈ ಸಲ, ತಮ್ಮ ಗಿರಣಿಗಳ ಲೆಕ್ಕವನ್ನು ಬರೆದಿಟ್ಟ ಬೇರೆ ದೇಶದ ಜನರ ವಿಷಯ ಬರೆಯುತ್ತಿದ್ದೇನೆ. ನಮ್ಮೂರಿನ ಮಾತು ಕೊನೆಯಲ್ಲಿ ಬರುತ್ತದೆ.

2019ರ ಬೇಸಗೆಯಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ, ಅಳಿಯ ಒಂದು ಭಾನುವಾರ ನನ್ನನ್ನು ಬಕಿಂಗ್‌ಹ್ಯಾಮ್‌ಷೈರ್ ಪ್ರಾಂತದ ಪಿಟ್‌ಸ್ಟೋನ್ ಎಂಬ ಹಳ್ಳಿಗೆ ಕರೆದುಕೊಂಡು ಹೋದರು. ಹೊಲದ ನಡುವೆ ಒಂಟಿಯಾಗಿ ನಿಂತ ಮರದ ಗಾಳಿಗಿರಣಿ. ಗಾಳಿಗಿರಣಿ ಎಂದೊಡನೆ ನಮ್ಮವರಿಗೆ ಚಿತ್ರದುರ್ಗದ ಗುಡ್ಡಗಳ ಮೇಲೆ, ಗದಗದ ಕಡೆ ತಿರುಗುವ ಬಿಳಿಯ ವಿದ್ಯುತ್ ಯಂತ್ರಗಳು ನೆನಪಾಗುತ್ತವೆ. ಇದು ಅದಲ್ಲ; ಇದು ನಿಜವಾಗಿಯೂ ಕಾಳು ಬೀಸಿದ ಗಿರಣಿ. ಒಳಗಿನ ಮರದ ಚೌಕಟ್ಟಿನಲ್ಲಿ 1627 ಎಂಬ ಇಸವಿಯನ್ನು ಕೆತ್ತಿದ್ದಾರೆ. ನಮ್ಮಲ್ಲಿ ಆ ವರ್ಷ ಜಹಾಂಗೀರ್ ತೀರಿಕೊಂಡ ವರ್ಷ, ಶಿವಾಜಿ ಇನ್ನೂ ಹುಟ್ಟಿರಲಿಲ್ಲ.

ಇದರ ರಚನೆಯನ್ನು ಸ್ವಲ್ಪ ವಿವರಿಸಬೇಕು. ಕರಿಹಲಗೆಯಿಲ್ಲದೆ ವಿವರಿಸುವುದು ಕಷ್ಟ, ಆದರೂ ಪ್ರಯತ್ನಿಸುತ್ತೇನೆ. ನೆಲದಲ್ಲಿ ಭದ್ರವಾದ ಅಡ್ಡದಿಮ್ಮಿಗಳು. ಅವುಗಳ ಆಧಾರದ ಮೇಲೆ ಒಂದೇ ಒಂದು ದಪ್ಪನೆಯ ಓಕ್ ಮರದ ಕಂಬ. ಆ ಕಂಬದ ತುದಿಯ ಮೇಲೆ ಇಡೀ ಗಿರಣಿಮನೆ ಕುಳಿತಿರುತ್ತದೆ: ಬೀಸುವ ಕಲ್ಲುಗಳು, ಹಲ್ಲುಚಕ್ರಗಳು, ಕಾಳಿನ ಮೂಟೆಗಳು, ಗಿರಣಿಯವನು, ಎದುರಿಗೆ ನಾಲ್ಕು ರೆಕ್ಕೆಗಳು, ಎಲ್ಲವೂ ಸೇರಿ. ಗಾಳಿ ಬೀಸುವ ದಿಕ್ಕು ಬದಲಾದರೆ ಹಿಂದೆ ಚಾಚಿಕೊಂಡಿರುವ ಬಾಲದಂಥ ಉದ್ದನೆಯ ದಿಮ್ಮಿಗೆ ಹೆಗಲು ಕೊಟ್ಟು ಇಡೀ ಮನೆಯನ್ನೇ ಗಾಳಿಗೆ ಮುಖವಾಗಿ ತಿರುಗಿಸಬೇಕು. ನಮ್ಮ ಜಾತ್ರೆಯ ತೇರನ್ನು ಸನ್ನೆ ಹಾಕಿ ತಿರುಗಿಸುವುದನ್ನು ಕಂಡವರಿಗೆ ಈ ಶ್ರಮದ ಅಂದಾಜು ಸಿಕ್ಕೀತು. ಮುಂದೆ ಕಲ್ಲು ಇಟ್ಟಿಗೆಗಳ ಗೋಪುರ ಕಟ್ಟಿ, ಮೇಲಿನ ಟೊಪ್ಪಿಗೆಯನ್ನು ಮಾತ್ರ ತಿರುಗಿಸುವ ಗಿರಣಿಗಳು ಬಂದವು. ಆ ಟೊಪ್ಪಿಗೆಯನ್ನು ಗಾಳಿಯೇ ತಿರುಗಿಸಿಕೊಳ್ಳುವಂತೆ ಹಿಂಬದಿಗೆ ಸಣ್ಣದೊಂದು ಬೀಸಣಿಗೆ ಜೋಡಿಸುವ ಉಪಾಯಕ್ಕೆ ಎಡ್ಮಂಡ್ ಲೀ ಎಂಬಾತ 1745ರಲ್ಲಿ ಹಕ್ಕುಪತ್ರ ಪಡೆದ. ಗಾಳಿ ಬೆನ್ನಿಗೆ ಬಿದ್ದರೆ ಗಿರಣಿಯ ರೆಕ್ಕೆಗಳೇ ಕಿತ್ತುಹೋಗುವ ಅಪಾಯವಿತ್ತು. ಆದ್ದರಿಂದ ಗಿರಣಿಯವನಿಗೆ ರಾತ್ರಿಯ ನಿದ್ದೆಯಲ್ಲೂ ಒಂದು ಕಿವಿ ಗಾಳಿಯ ಕಡೆಗೇ ಇರಬೇಕಾಗಿತ್ತು.

ಪಿಟ್‌ಸ್ಟೋನ್ ಗಿರಣಿ 1902ರ ಬಿರುಗಾಳಿಯಲ್ಲಿ ಜಖಂಗೊಂಡು ನಿಂತುಹೋಯಿತು. ರಿಪೇರಿಯ ಖರ್ಚು ಗಿರಣಿಯ ಆದಾಯಕ್ಕಿಂತ ಹೆಚ್ಚು. ಪಕ್ಕದ ಹೊಲದ ರೈತ ಅದನ್ನು ಕೊಂಡು, 1937ರಲ್ಲಿ ನ್ಯಾಷನಲ್ ಟ್ರಸ್ಟ್‌ಗೆ ದಾನವಾಗಿ ಕೊಟ್ಟ. ಆಮೇಲೂ ಬಹುಕಾಲ ಅದು ಹಾಗೆಯೇ ಮುರಿದು ನಿಂತಿತ್ತು. 1963ರಲ್ಲಿ ಸುತ್ತಮುತ್ತಲಿನ ಸ್ವಯಂಸೇವಕರ ತಂಡವೊಂದು ಸ್ವಂತ ಖರ್ಚಿನಲ್ಲಿ ಕೆಲಸಕ್ಕೆ ಕೈಹಚ್ಚಿತು. 1970ರಲ್ಲಿ, ಅಂದರೆ 68 ವರ್ಷಗಳ ನಂತರ, ಆ ಕಲ್ಲುಗಳು ಮತ್ತೆ ಕಾಳು ಬೀಸಿದವು. ನಾನು ಹೋದ ದಿನ ನಮಗೆ ಒಳಗೆಲ್ಲ ತೋರಿಸಿದವರು ನನಗಿಂತ ಹಿರಿಯರು. ಒಂದು ಹಲ್ಲುಚಕ್ರದ ಮುಂದೆ ನಿಂತು, ಅದರಲ್ಲಿ ಯಾವ ಹಲ್ಲು ಹಳೆಯದು, ಯಾವುದು ಆಮೇಲೆ ಕೂರಿಸಿದ್ದು ಎಂದು ಬೆರಳಿಟ್ಟು ಹೇಳಿದರು. "ನಿಮಗೆ ಹೇಗೆ ಗೊತ್ತು?" ಎಂದು ಕೇಳಿದೆ. "ಬಿಚ್ಚುವ ಮೊದಲು ಬರೆದಿಟ್ಟಿದ್ದಾರೆ" ಎಂದರು. ಆ ಮಾತು ನನ್ನ ತಲೆಯಲ್ಲಿ ಉಳಿದುಕೊಂಡಿತು.

ಗಿರಣಿಗಳನ್ನು ಬರೆದಿಡುವುದು ಆ ದೇಶದಲ್ಲಿ ಶುರುವಾದದ್ದು ಪ್ರೀತಿಯಿಂದಲ್ಲ, ತೆರಿಗೆಗಾಗಿ. 1086ರಲ್ಲಿ ವಿಲಿಯಂ ದೊರೆ ತಾನು ಗೆದ್ದ ನಾಡಿನ ಆಸ್ತಿಪಾಸ್ತಿಗಳ ಲೆಕ್ಕ ಬರೆಸಿದ. ಅದೇ ಡೂಮ್ಸ್‌ಡೇ ಗ್ರಂಥ. ಅದರಲ್ಲಿ ಸುಮಾರು 6,000 ಗಿರಣಿಗಳು ದಾಖಲಾಗಿವೆ. ಗಾಳಿಗಿರಣಿ ಇನ್ನೂ ಬಂದಿರಲಿಲ್ಲವಾದ್ದರಿಂದ ಅವೆಲ್ಲ ಬಹುತೇಕ ನೀರಿನಿಂದ ತಿರುಗುವಂಥವು. ಕೆಲವು ಗಿರಣಿಗಳ ಗೇಣಿಯನ್ನು ಹಣದಲ್ಲಲ್ಲದೆ ಹಾವುಮೀನುಗಳ ಲೆಕ್ಕದಲ್ಲಿ ಬರೆದಿದ್ದಾರೆ! ಗಿರಣಿಯ ಕಟ್ಟೆಯ ನೀರಿನಲ್ಲಿ ಮೀನು ಧಾರಾಳವಾಗಿ ಸಿಗುತ್ತಿತ್ತು. ಆ 6,000 ಕಟ್ಟಡಗಳು ಈಗ ಇಲ್ಲ. ಹೊಳೆಯಂಚಿನ ಎಷ್ಟೋ ಜಾಗಗಳಲ್ಲಿ ಅವುಗಳ ಮರಿಮಕ್ಕಳಂಥ ಗಿರಣಿಗಳು ನಿಂತಿವೆ ಅಥವಾ ನಿಂತಿದ್ದವು. ಹಾವುಮೀನಿನ ಲೆಕ್ಕ ಮಾತ್ರ ಉಳಿದಿದೆ.

ಇಂಗ್ಲೆಂಡಿನ ಗಾಳಿಗಿರಣಿಯ ಖಚಿತವಾದ ಅತಿ ಹಳೆಯ ಉಲ್ಲೇಖಗಳಲ್ಲೊಂದು ಯಾರ್ಕ್‌ಷೈರಿನ ವೀಡ್ಲಿ ಎಂಬಲ್ಲಿಯದು, 1185ರದು. ಅದಾದ ಕೆಲವೇ ವರ್ಷಗಳಿಗೆ, 1191ರಲ್ಲಿ, ಬರಿ ಸೇಂಟ್ ಎಡ್ಮಂಡ್ಸ್‌ನಲ್ಲಿ ನಡೆದ ಜಗಳವನ್ನು ಜಾಸೆಲಿನ್ ಎಂಬ ಸನ್ಯಾಸಿ ತನ್ನ ವೃತ್ತಾಂತದಲ್ಲಿ ಬರೆದಿಟ್ಟಿದ್ದಾನೆ. ಆ ಕಾಲದಲ್ಲಿ ಒಡೆಯನ ಗಿರಣಿಯಲ್ಲೇ ಪ್ರಜೆಗಳು ಕಾಳು ಬೀಸಿಸಬೇಕು, ಅದರಲ್ಲಿ ಪಾಲು ಕೊಡಬೇಕು. ಹರ್ಬರ್ಟ್ ಎಂಬ ಪಾದ್ರಿ ತನ್ನದೇ ಒಂದು ಗಾಳಿಗಿರಣಿ ಕಟ್ಟಿಸಿದ. ಮಠಾಧಿಪತಿ ಸ್ಯಾಮ್ಸನ್ನನಿಗೆ ಎಲ್ಲಿಲ್ಲದ ಕೋಪ ಬಂದು, ಆ ಕಟ್ಟಡ ಬೀಳುವ ತನಕ ಊಟ ಮಾಡುವುದಿಲ್ಲವೆಂದು ಆಣೆಯಿಟ್ಟ. ಗಾಳಿಯ ಉಪಯೋಗವನ್ನು ಯಾರಿಗೂ ಇಲ್ಲವೆನ್ನಬಾರದು, ನನ್ನ ಕಾಳನ್ನಷ್ಟೇ ಬೀಸಿಕೊಳ್ಳುತ್ತೇನೆ ಎಂದು ಹರ್ಬರ್ಟ್ ವಾದಿಸಿದ. ಕೇಳುವವರಾರು? ಕಡೆಗೆ ಮಠದ ಆಳುಗಳು ಬರುವ ಮುನ್ನ ತಾನೇ ಆತುರಾತುರವಾಗಿ ಗಿರಣಿಯನ್ನು ಕೆಡವಿಸಿದ. ಅವರು ಬಂದಾಗ ಕೆಡವಲು ಏನೂ ಉಳಿದಿರಲಿಲ್ಲ. ಗಾಳಿ ಯಾರ ಸ್ವತ್ತು ಎಂಬ ಈ ಪ್ರಶ್ನೆಯನ್ನು ಒಂಬತ್ತನೆಯ ತರಗತಿಯ ಮಕ್ಕಳ ಮುಂದಿಡುವ ಅವಕಾಶ ನನಗೆ ಸಿಗಲಿಲ್ಲವಲ್ಲ ಎಂಬ ಕೊರಗು ಇದೆ; ಈ ಕಥೆ ನನಗೆ ಗೊತ್ತಾದದ್ದೇ ನಿವೃತ್ತಿಯ ಮೇಲೆ.

ನೀರುಗಿರಣಿಯ ಬಗ್ಗೆ ಎರಡು ಮಾತು. ಚಕ್ರದ ಕೆಳಭಾಗಕ್ಕೆ ನೀರು ಬಡಿಯುವುದು ಒಂದು ಕ್ರಮ, ಮೇಲಿನಿಂದ ನೀರು ಸುರಿದು ಅದರ ಭಾರದಿಂದ ಚಕ್ರ ತಿರುಗುವುದು ಇನ್ನೊಂದು. ಯಾವುದು ಲೇಸೆಂದು ಶತಮಾನಗಳ ಕಾಲ ಬರೀ ವಾದ ನಡೆದಿತ್ತು. ಜಾನ್ ಸ್ಮೀಟನ್ ಎಂಬ ಎಂಜಿನಿಯರು ಸಣ್ಣ ಮಾದರಿಗಳನ್ನು ಮಾಡಿ, ಅಳೆದು, 1759ರಲ್ಲಿ ರಾಯಲ್ ಸೊಸೈಟಿಯ ಮುಂದೆ ಫಲಿತಾಂಶ ಇಟ್ಟ: ಮೇಲಿನಿಂದ ನೀರು ಬೀಳುವ ಚಕ್ರ ಸುಮಾರು ಎರಡು ಪಟ್ಟು ಕೆಲಸ ಕೊಡುತ್ತದೆ. ವಿಜ್ಞಾನದ ಮೇಷ್ಟ್ರು ಇದನ್ನು ಇನ್ನೂ ಚೆನ್ನಾಗಿ ಹೇಳಿಯಾರು.

ಈ ಗಿರಣಿಗಳು ಸೋತದ್ದು ಉಕ್ಕಿನ ಉರುಳೆಗಳ ಮುಂದೆ. ಹಂಗೇರಿಯಲ್ಲಿ ಬೆಳೆದ ಉರುಳೆ ಗಿರಣಿಯ ಪದ್ಧತಿ 1880ರ ಹೊತ್ತಿಗೆ ಬ್ರಿಟನ್ನಿಗೆ ಬಂತು. ಅಮೆರಿಕದ ಗೋಧಿ ಹಡಗುಗಳಲ್ಲಿ ಬಂದಿಳಿಯುವ ಲಿವರ್‌ಪೂಲ್, ಹಲ್‌ನಂಥ ರೇವುಪಟ್ಟಣಗಳಲ್ಲೇ ದೊಡ್ಡ ಗಿರಣಿಗಳು ಎದ್ದವು. ಬೆಳ್ಳಗಿನ ಹಿಟ್ಟು, ಕಡಿಮೆ ಬೆಲೆ. ಹಳ್ಳಿಯ ಗಿರಣಿ ದನಕರುಗಳ ಮೇವು ಅರೆಯುವ ಮಟ್ಟಕ್ಕೆ ಇಳಿದು, ಒಂದು ರೆಕ್ಕೆ ಮುರಿದ ದಿನ ನಿಂತುಬಿಡುತ್ತಿತ್ತು. ಹೊಸ ರೆಕ್ಕೆಗೆ ಹಣ ಹಾಕುವವರಾರು?

ಆಗ ಕೆಲವರು ಹೊರಟರು. ಅವರಲ್ಲಿ ಹೆಚ್ಚಿನವರಿಗೆ ಇದು ಹೊಟ್ಟೆಪಾಡಿನ ಕೆಲಸವಲ್ಲ. ರೆಕ್ಸ್ ವೇಲ್ಸ್ (1901-1986) ಎಂಬ ಎಂಜಿನಿಯರು ಲಿಂಕನ್ ಪಟ್ಟಣದಲ್ಲಿ ಕೆಲಸ ಕಲಿಯುತ್ತಿದ್ದಾಗ ಸುತ್ತಲಿನ ಗಾಳಿಗಿರಣಿಗಳ ಕಡೆ ಮನಸ್ಸು ಹೋಯಿತು. ಜೀವಮಾನವೆಲ್ಲ ಊರೂರು ತಿರುಗಿ ಗಿರಣಿಗಳ ಒಳಹೊಕ್ಕು ಟಿಪ್ಪಣಿ ಮಾಡಿದರು. ಅವರ 'ದಿ ಇಂಗ್ಲಿಷ್ ವಿಂಡ್‌ಮಿಲ್' 1954ರಲ್ಲಿ ಬಂತು. ಇಂದಿಗೂ ಈ ವಿಷಯದಲ್ಲಿ ಮೊದಲು ಕೈಗೆತ್ತಿಕೊಳ್ಳುವ ಪುಸ್ತಕ. ಕಾರ್ಲ್ ವುಡ್ ಎಂಬ ಚಿತ್ರಕಾರ ಹೆಚ್ಚಾಗಿ ಸೈಕಲ್ಲಿನ ಮೇಲೆಯೇ ಬ್ರಿಟನ್ನೆಲ್ಲ ಸುತ್ತಿ ಸಾವಿರಕ್ಕೂ ಮಿಕ್ಕಿ ಗಾಳಿಗಿರಣಿಗಳ ಚಿತ್ರ ಬರೆದ. ಪುಸ್ತಕ ಮಾಡುವ ಆಸೆಯಿತ್ತು, ಕೈಗೂಡಲಿಲ್ಲ. ಚಿತ್ರಗಳು ಲಿಂಕನ್ ಪಟ್ಟಣದ ಸಂಗ್ರಹದಲ್ಲಿ ಉಳಿದಿವೆ. ಮಗ್ಗರಿಜ್ ಎಂಬ ತಂದೆ ಮಗ ಇಬ್ಬರೂ ಸೇರಿ ತೆಗೆದ ಗಿರಣಿಗಳ ಛಾಯಾಚಿತ್ರಗಳು ಕೆಂಟ್ ವಿಶ್ವವಿದ್ಯಾಲಯದಲ್ಲಿವೆ. ಸಿಮ್ಮನ್ಸ್ ಎಂಬ ಇನ್ನೊಬ್ಬರು ಹಳೆಯ ಪತ್ರಿಕೆಗಳನ್ನು ಜಾಲಾಡಿ, ಗಿರಣಿ ಮಾರಾಟದ ಜಾಹೀರಾತು, ಬೆಂಕಿ ಬಿದ್ದ ಸುದ್ದಿ ಇಂಥವುಗಳಿಂದ ಒಂದೊಂದು ಗಿರಣಿಯ ಜಾತಕವನ್ನೇ ಬರೆದರು. ಆ ಟಿಪ್ಪಣಿಗಳು ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನ ವಶದಲ್ಲಿವೆ. ಸೈಕಲ್ಲು, ಕ್ಯಾಮರಾ, ನೋಟುಪುಸ್ತಕ, ಅಳತೆಪಟ್ಟಿ. ಇಷ್ಟೇ ಇವರ ಬಂಡವಾಳ.

ಸಂಸ್ಥೆಯ ರೂಪದಲ್ಲಿ ಈ ಕೆಲಸಕ್ಕೆ ನಿಂತದ್ದು ವಿಲಿಯಂ ಮಾರಿಸ್ ಮೊದಲಾದವರು 1877ರಲ್ಲಿ ಕಟ್ಟಿದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘ. ಅದರಲ್ಲಿ 1931ರಲ್ಲಿ ಗಾಳಿಗಿರಣಿಗಳಿಗೆಂದೇ ಒಂದು ವಿಭಾಗವಾಯಿತು. ನೀರುಗಿರಣಿಗಳು ಅದರೊಳಕ್ಕೆ ಸೇರಿದ್ದು ಆಮೇಲೆ. ಇಲ್ಲೊಂದು ಸ್ವಾರಸ್ಯವಿದೆ. ಮಾರಿಸ್‌ರ ಸಂಘ ಹುಟ್ಟಿದ್ದೇ 'ಜೀರ್ಣೋದ್ಧಾರ'ದ ವಿರುದ್ಧ. ಹಳೆಯ ಕಟ್ಟಡವನ್ನು ಕೆರೆದು, ಹೊಸತು ಮಾಡಿ, ಇದೇ ಪ್ರಾಚೀನ ರೂಪ ಎಂದು ಹೇಳಬೇಡಿ, ಬೀಳದಂತೆ ದುರಸ್ತಿ ಮಾಡಿ ಸಾಕು ಎಂಬುದು ಅವರ ವಾದ. (ನಮ್ಮ ಎಷ್ಟೋ ಗುಡಿಗಳ ಕಲ್ಲುಕಂಬಗಳಿಗೆ ಎಣ್ಣೆಬಣ್ಣ ಬಳಿದು, ನೆಲಕ್ಕೆ ಟೈಲ್ಸ್ ಹಾಕುವವರಿಗೆ ಇದನ್ನು ಯಾರಾದರೂ ತಿಳಿಸಬಾರದೆ!) ಆದರೆ ಗಿರಣಿ ಗುಡಿಯಲ್ಲ, ಯಂತ್ರ. ರೆಕ್ಕೆ ಕೆಲವು ದಶಕಗಳಿಗೊಮ್ಮೆ ಕೊಳೆಯುತ್ತದೆ, ಹಲ್ಲುಚಕ್ರದ ಮರದ ಹಲ್ಲುಗಳು ಸವೆಯುತ್ತವೆ. ಅದು ದುಡಿಯುತ್ತಿದ್ದ ಕಾಲದಲ್ಲೂ ಗಿರಣಿಯವನು ಹಳತನ್ನು ತೆಗೆದು ಹೊಸತು ಹಾಕುತ್ತಲೇ ಇದ್ದ. ಹಾಗಾದರೆ ಉಳಿಸುವುದೆಂದರೆ ಮರವನ್ನೋ, ತಿರುಗುವಿಕೆಯನ್ನೋ? ತಿರುಗಿಸಿದರೆ ಹಳೆಯ ಮರ ಸವೆದುಹೋಗುತ್ತದೆ. ತಿರುಗಿಸದಿದ್ದರೆ ಹುಳು ಹಿಡಿದು, ನೀರು ಸೋರಿ ನಿಂತಲ್ಲೇ ಕೊಳೆಯುತ್ತದೆ. ತಿರುಗುವ ಗಿರಣಿಯೇ ಹೆಚ್ಚು ಕಾಲ ಬಾಳುತ್ತದೆಂದು ನನಗೆ ಅನ್ನಿಸುತ್ತದೆ. ಆದರೆ ಒಂದು ಹಲ್ಲನ್ನು ಕೀಳುವ ಮುನ್ನ ಅದರ ಅಳತೆ, ಮರದ ಜಾತಿ, ಮೇಲಿನ ಗುರುತು ಎಲ್ಲವನ್ನೂ ಬರೆದುಕೊಳ್ಳದಿದ್ದರೆ ಉಳಿಯುವುದು ಒಂದು ಆಟಿಕೆ ಮಾತ್ರ.

ಸರ್ರೆ ಪ್ರಾಂತದ ಔಟ್‌ವುಡ್‌ನಲ್ಲಿ ಎರಡು ಗಿರಣಿಗಳು ಅಕ್ಕಪಕ್ಕ ನಿಂತಿದ್ದವು. 1665ರಲ್ಲಿ ಕಟ್ಟಿದ್ದು ಒಂದು. ಮರುವರ್ಷ ಲಂಡನ್ ನಗರ ಹೊತ್ತಿ ಉರಿದಾಗ ಅದರ ಮಾಡಿನಿಂದ ಆ ಕೆಂಪನ್ನು ನೋಡಿದರೆಂಬುದು ಊರಿನವರ ಮಾತು. ಇನ್ನೊಂದು 1797ರದು, ಅದಕ್ಕಿಂತ ಎತ್ತರದ್ದು. 1960ರಲ್ಲಿ ಎತ್ತರದ ಗಿರಣಿ ಕುಸಿದುಬಿತ್ತು. ಹಿರಿಯದು ನಿಂತಿದೆ. ಬಿದ್ದದ್ದು ಎಷ್ಟು ಎತ್ತರವಿತ್ತು, ಹೇಗಿತ್ತು ಎಂದು ಇಂದು ಹೇಳಲು ಸಾಧ್ಯವಾದದ್ದು, ಬೀಳುವ ಮೊದಲು ಯಾರೋ ಕ್ಯಾಮರಾ ಹಿಡಿದು ಅಲ್ಲಿಗೆ ಹೋಗಿದ್ದರಿಂದ.

ಡಚ್ಚರ ವಿಷಯ ಹೇಳದೆ ಗಾಳಿಗಿರಣಿಯ ಪ್ರಬಂಧ ಪೂರ್ಣವಾಗದು. ಹತ್ತೊಂಬತ್ತನೆಯ ಶತಮಾನದ ನಡುವೆ ಅಲ್ಲಿ ಒಂಬತ್ತು ಹತ್ತು ಸಾವಿರ ಗಿರಣಿಗಳಿದ್ದವೆಂದು ಅಂದಾಜು. ಈಗ ಸುಮಾರು 1,200. ಅವೆಲ್ಲ ಕಾಳು ಬೀಸಿದವಲ್ಲ. ಮರ ಕೊಯ್ದವು, ಎಣ್ಣೆ ತೆಗೆದವು, ಬಣ್ಣದ ಪುಡಿ ಅರೆದವು, ಕಾಗದ ಮಾಡಿದವು. ಕಿಂಡರ್‌ಡೈಕ್‌ನಲ್ಲಿ ಸಾಲಾಗಿ ನಿಂತಿರುವ 19 ಗಿರಣಿಗಳು ಮಾಡಿದ್ದು ತಗ್ಗು ನೆಲದ ನೀರನ್ನು ಮೇಲಕ್ಕೆತ್ತಿ ಹೊಳೆಗೆ ಹಾಕುವ ಕೆಲಸ. ಅವುಗಳಲ್ಲಿ ಹೆಚ್ಚಿನವು 1738-1740ರಲ್ಲಿ ಕಟ್ಟಿದವು. ಎರಡನೆಯ ಮಹಾಯುದ್ಧದಲ್ಲಿ ಡೀಸೆಲ್ ಸಿಗದೆ ಪಂಪುಗಳು ನಿಂತಾಗ ಇವೇ ಮತ್ತೆ ದುಡಿದು ಊರುಗಳನ್ನು ಮುಳುಗದಂತೆ ಕಾಪಾಡಿದವು. ಹಳೆಯದನ್ನು ಕೆಡವದೆ ಇಟ್ಟುಕೊಂಡದ್ದಕ್ಕೆ ಸಿಕ್ಕ ಬಡ್ಡಿ! 1997ರಲ್ಲಿ ಯುನೆಸ್ಕೋ ಇವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅವರ ಇನ್ನೊಂದು ವಿವೇಕ. ಗಿರಣಿಗಳ ರಕ್ಷಣೆಗೆ ಅಲ್ಲಿ 1923ರಲ್ಲೇ ಸಂಘವಾಗಿತ್ತು. ಕಟ್ಟಡಗಳೇನೋ ಉಳಿದವು, ನಡೆಸುವವರೇ ಮುದುಕರಾಗಿ ಒಬ್ಬೊಬ್ಬರಾಗಿ ಹೊರಟುಹೋದರು. ಆಗ 1972ರಲ್ಲಿ ಸ್ವಯಂಸೇವಕ ಗಿರಣಿಗಾರರ ಒಂದು ಕೂಟ ಹುಟ್ಟಿತು. ಮೇಷ್ಟ್ರು, ಗುಮಾಸ್ತರು, ವೈದ್ಯರು, ಯಾರು ಬೇಕಾದರೂ ಸೇರಬಹುದು. ಅನುಭವಸ್ಥರ ಕೈಕೆಳಗೆ ಕನಿಷ್ಠ 150 ಗಂಟೆ, ಎಲ್ಲ ಋತುಗಳಲ್ಲೂ, ಕಲಿಯಬೇಕು; ಮೋಡ ನೋಡಿ ಗಾಳಿಯ ಮನಸ್ಸು ತಿಳಿಯಬೇಕು; ಕೊನೆಗೆ ಪರೀಕ್ಷೆಯಿದೆ. 2017ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಕಟ್ಟಡವಲ್ಲ, ಗಿರಣಿ ನಡೆಸುವ ಈ ಕಸುಬು. ನಿಂತ ರೆಕ್ಕೆಗಳಿಗೂ ಅಲ್ಲಿ ಒಂದು ಭಾಷೆಯಿದೆ. ಮೇಲಿನ ರೆಕ್ಕೆ ನೆಟ್ಟಗಾಗುವುದಕ್ಕೆ ಸ್ವಲ್ಪ ಮೊದಲು ನಿಲ್ಲಿಸಿದರೆ ಸಂತೋಷ, ನೆಟ್ಟಗಾಗಿ ಸ್ವಲ್ಪ ದಾಟಿದ ಮೇಲೆ ನಿಲ್ಲಿಸಿದರೆ ಸೂತಕ. 2014ರ ಜುಲೈಯಲ್ಲಿ ಉಕ್ರೇನಿನ ಮೇಲೆ ಮಲೇಷಿಯಾದ ವಿಮಾನವನ್ನು ಹೊಡೆದುರುಳಿಸಿ 298 ಜನ ಸತ್ತರಲ್ಲ, ಅವರಲ್ಲಿ ಹೆಚ್ಚಿನವರು ಡಚ್ಚರು. ಶೋಕಾಚರಣೆಯ ದಿನ ಅಲ್ಲಿನ ಗಿರಣಿಗಳು ಸೂತಕದ ಭಂಗಿಯಲ್ಲಿ ನಿಂತವು. ನಡೆಸುವವರು ಇದ್ದುದರಿಂದ ಆ ಭಾಷೆ ಉಳಿಯಿತು.

ಮತ್ತೆ ಇಂಗ್ಲೆಂಡಿಗೆ ಬರುತ್ತೇನೆ. ಮಗಳ ಮನೆಯಿದ್ದ ರೆಡಿಂಗ್ ಪಟ್ಟಣದ ಹತ್ತಿರ, ಥೇಮ್ಸ್ ನದಿಯ ದಂಡೆಯಲ್ಲಿ, ಮೇಪಲ್‌ಡರ್ರಮ್ ಎಂಬ ನೀರುಗಿರಣಿಯಿದೆ. ಥೇಮ್ಸ್‌ನಲ್ಲಿ ಇನ್ನೂ ಹಿಟ್ಟು ಬೀಸುವ ಕೊನೆಯ ಗಿರಣಿಯೆಂದು ಅದಕ್ಕೆ ಹೆಸರು. (1970ರ ಒಂದು ಗದ್ದಲದ ಸಂಗೀತತಂಡದ ಮೊದಲ ತಟ್ಟೆಯ ಹೊದಿಕೆಯ ಮೇಲಿರುವುದು ಇದೇ ಗಿರಣಿ ಎಂದು ಅಳಿಯ ಭಕ್ತಿಯಿಂದ ಹೇಳಿದರು. ತಂಡದ ಹೆಸರು ಬ್ಲ್ಯಾಕ್ ಸಬ್ಬಾತ್ ಅಂತೆ. ನಿಮ್ಮಲ್ಲಿ ಯಾರಾದರೂ ಬಲ್ಲಿರಿ.) ಅಲ್ಲಿ ಗಿರಣಿ ನಡೆಸುತ್ತಿದ್ದ ಮಿಲ್ಡ್ರೆಡ್ ಕುಕ್‌ಸನ್ ಎಂಬ ಮಹಿಳೆಯೂ ಸೇರಿ ಕೆಲವರು 2002ರಲ್ಲಿ ರೆಡಿಂಗ್‌ನಲ್ಲಿ ಗಿರಣಿಗಳಿಗಾಗಿಯೇ ಒಂದು ದಾಖಲೆಭಂಡಾರ ತೆರೆದರು. ನಕಾಶೆ, ಛಾಯಾಚಿತ್ರ, ಪತ್ರ, ಟಿಪ್ಪಣಿ, ಸತ್ತವರ ಅಟ್ಟದ ಮೇಲಿಂದ ಬಂದ ಪೆಟ್ಟಿಗೆಗಳು, ಎಲ್ಲವನ್ನೂ ಅಲ್ಲಿ ಅಂಕಿ ಹಾಕಿ ಜೋಪಾನ ಮಾಡುತ್ತಾರೆ. ಈ ಗಿರಣಿಶಾಸ್ತ್ರಕ್ಕೆ 'ಮಾಲಿನಾಲಜಿ' ಎಂಬ ಹೆಸರನ್ನೇ ಇಟ್ಟಿದ್ದಾರೆ. 1965ರಲ್ಲಿ ಸ್ಯಾಂಟೋಸ್ ಸಿಮೋಯಿಸ್ ಎಂಬ ಪೋರ್ಚುಗೀಸ್ ವಿದ್ವಾಂಸರು ಟಂಕಿಸಿದ ಪದ.

ಗಿರಣಿಯವನ ಲೆಕ್ಕದ ಪುಸ್ತಕವನ್ನೂ ಅಲ್ಲಿ ದಾಖಲೆಯೆಂದು ಕಾಪಾಡುತ್ತಾರೆ ಎಂಬುದನ್ನು ತಿಳಿದ ಕ್ಷಣ ನನಗಾದ ಸಂಕಟವನ್ನು ಈಗ ಹೇಳಿಬಿಡುತ್ತೇನೆ.

ನಮ್ಮೂರಿನ ರಾಗಿ ಮಿಷನ್ನು ನನ್ನ ಸೋದರಮಾವನವರದು ಎಂಬುದು ಬಂಧುಗಳಿಗೆಲ್ಲ ಗೊತ್ತು. ಮಾವ ತೀರಿಕೊಂಡದ್ದು 1998ರಲ್ಲಿ. ಮಿಷನ್ನು ಅದಕ್ಕೆ ಮುಂಚೆಯೇ ನಿಂತಿತ್ತು. ತಿಥಿ ಮುಗಿದ ಮೇಲೆ ಮನೆ ಚೊಕ್ಕಟ ಮಾಡುವ ಕೆಲಸಕ್ಕೆ ಓದಿದವನೆಂದು ನನ್ನನ್ನು ಹಚ್ಚಿದರು. ಅಟ್ಟದ ಮೇಲೆ ಕೆಂಪು ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕಗಳು ಹನ್ನೆರಡೋ ಹದಿಮೂರೋ ಇದ್ದವು. ಒಂದನ್ನು ತೆರೆದು ನೋಡಿದ್ದೆ. ಮಾವನ ಗುಂಡನೆಯ ಅಕ್ಷರದಲ್ಲಿ ಯಾರು, ಎಷ್ಟು ಸೇರು ರಾಗಿ, ಎಷ್ಟು ಜೋಳ, ಎಷ್ಟು ಬಾಕಿ. ಗಂಡಸರ ಹೆಸರಿಗಿಂತ ಹೆಂಗಸರ ಹೆಸರೇ ಹೆಚ್ಚು. ಕೆಲವು ಬಾಕಿಗಳ ಮುಂದೆ 'ಬಿಟ್ಟಿದೆ' ಎಂದು ಬರೆದಿತ್ತು. ಬಿ.ಎಡ್. ಮಾಡಿದ, ಇತಿಹಾಸ ಬೋಧಿಸುವ ನಾನು ಅಷ್ಟನ್ನೂ ಹಳೆಯ ಪೇಪರಿನವನಿಗೆ ತೂಕಕ್ಕೆ ಹಾಕಿದೆ. ಬಂದ ಹಣದಲ್ಲಿ ಕೂಲಿಯವರಿಗೆ ಕಾಫಿ ಆಯಿತು. ಊರಿನ ಬರಗಾಲದ ವರ್ಷಗಳಲ್ಲಿ ಯಾರ ಮನೆಯಲ್ಲಿ ಎಷ್ಟು ಹಿಟ್ಟಿತ್ತೆಂಬುದು ಅದರಲ್ಲಿತ್ತು. ಯಾವ ಗೆಜೆಟಿಯರಿನಲ್ಲೂ ಅದು ಸಿಗುವುದಿಲ್ಲ.

ಪುಸ್ತಕ ಹೋಯಿತು, ಮನುಷ್ಯರನ್ನಾದರೂ ಕೇಳೋಣವೆಂದು ಕಳೆದ ತಿಂಗಳು ಊರಿಗೆ ಹೋಗಿ, 88 ವರ್ಷದ ಅತ್ತೆಯವರ ಮುಂದೆ ಮೊಬೈಲು ಇಟ್ಟುಕೊಂಡು ಕುಳಿತೆ. ಒಂದು ಗಂಟೆ ಮಾತನಾಡಿದರು. ಮಿಷನ್ನಿನ ಬಗ್ಗೆ ಹೊಗಳಿಕೆ ಬರುತ್ತದೆಂದು ನಾನು ನಿರೀಕ್ಷಿಸಿದ್ದೆ. ಅವರು ಹೇಳಿದ್ದು ಬೇರೆ. "ಮಿಷನ್ ಬಂದು ರಟ್ಟೆ ನೋವು ಹೋಯ್ತು ಕಣಪ್ಪ, ಆದ್ರೆ ಬೀಸೋ ಪದಾನೂ ಅದರ ಜೊತೇಲೇ ಹೋಯ್ತು. ಸುಮ್ನೆ ಕೂತ್ಕೊಂಡು ಯಾರು ಹಾಡ್ತಾರೆ?" ಎಂದರು. ಬೀಸುವ ಕಲ್ಲಿನ ಮುಂದೆ ಹುಟ್ಟಿದ ಹಾಡುಗಳನ್ನು ಹಲಸಂಗಿಯ ಗೆಳೆಯರು ಊರೂರು ಅಲೆದು ಬರೆದುಕೊಂಡು 'ಗರತಿಯ ಹಾಡು' ಎಂದು ಪ್ರಕಟಿಸಿದ್ದು 1931ರಲ್ಲಿ. ಲಂಡನ್ನಿನಲ್ಲಿ ಗಾಳಿಗಿರಣಿಗಳ ವಿಭಾಗ ಶುರುವಾದದ್ದೂ ಅದೇ ವರ್ಷ. ಇದು ಬರಿಯ ಕಾಕತಾಳೀಯವೆಂದು ಬಲ್ಲೆ. ಆದರೂ ಆ ಎರಡು ಇಸವಿಗಳನ್ನು ಒಂದೇ ಸಾಲಿನಲ್ಲಿ ಬರೆದು ಸ್ವಲ್ಪ ಹೊತ್ತು ನೋಡುತ್ತ ಕುಳಿತಿದ್ದೆ.

ಅತ್ತೆಯವರು ಆಮೇಲೆ ನಾಲ್ಕು ಸಾಲು ಹಾಡಿದರು. ಐದನೆಯದು ನೆನಪಾಗಲಿಲ್ಲ. ಅಷ್ಟನ್ನು ಧ್ವನಿಮುದ್ರಿಸಿ ಮಗಳಿಗೂ ಒಂದು ಪ್ರತಿ ಕಳುಹಿಸಿದ್ದೇನೆ. ಮಿಷನ್ನಿನ ವಿಷಯವಾಗಿ ಅವರಿಂದ ತಿಳಿದದ್ದು ಇಷ್ಟು: ಅದು ಬಂದದ್ದು ಅವರ ಮದುವೆಯಾದ ಮರುವರ್ಷ, ಕಲ್ಲು ನುಣುಪಾದಾಗ ಉಳಿಯಿಂದ ಕಚ್ಚು ಹೊಡೆಯಲು ಪಕ್ಕದ ಊರಿನಿಂದ ಒಬ್ಬರು ಬರುತ್ತಿದ್ದರು, ಎಂಜಿನ್ನು ಕೆಟ್ಟರೆ ತಿಪಟೂರಿನಿಂದ ಮೇಸ್ತ್ರಿ ಬರುವ ತನಕ ಊರಿಗೆಲ್ಲ ಮತ್ತೆ ಬೀಸುಕಲ್ಲೇ ಗತಿ.

ಆ ಮಿಷನ್ನಿನ ಮುಂದೆ ಸರದಿಯಲ್ಲಿ ನಿಂತ ನೆನಪು ನಿಮ್ಮಲ್ಲಿ ಅನೇಕರಿಗಿದೆ. ಎಂಜಿನ್ನಿನ ಮೇಲೆ ಹಸಿರು ಬಣ್ಣದ ತಗಡಿನಲ್ಲಿ ಏನೋ ಹೆಸರು ಬರೆದಿತ್ತು. ಅದೇನೆಂದು ಯಾರಿಗಾದರೂ ನೆನಪಿದ್ದರೆ ತಿಳಿಸಿ. ಸೇರಿಗೆ ಎಷ್ಟು ಕೊಡುತ್ತಿದ್ದಿರಿ ಎಂಬುದನ್ನೂ ಬರೆಯಿರಿ, ವರ್ಷ ಸಹಿತ. ಯಾರದಾದರೂ ಮದುವೆಯ ಚಿತ್ರದ ಹಿನ್ನೆಲೆಯಲ್ಲಿ ಆ ಹೆಂಚಿನ ಕಟ್ಟಡ ಕಾಣಿಸಿದರೆ, ಚಿತ್ರವನ್ನು ಕತ್ತರಿಸದೆ ಹಾಗೆಯೇ ಕಳುಹಿಸಿ.